ಸ್ಟೀಮ್‌ಪಂಕ್ ಮುಖವಾಡ, ಕೈಕಟ್ಟು, ಭುಜಕೀರ್ತಿ: ಯಾವ ತೊಗಲು, ಯಾವ ಹೊಲಿಗೆ, ಯಾವುದು ಮೊದಲು?

ಡೊಂಬಿವಲಿಯ ನಮ್ಮ ಮನೆಯ ಬಾಲ್ಕನಿಯಲ್ಲಿ ಇವತ್ತು ಒಂದು ಭುಜಕೀರ್ತಿ ಒಣಗುತ್ತಿದೆ. ಯಕ್ಷಗಾನದ್ದಲ್ಲ. ಎಮ್ಮೆ ತೊಗಲಿನದು. ನಾಲ್ಕು ಪದರ, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು. ತುದಿಯಲ್ಲಿ ಹಿತ್ತಾಳೆ ರಿವೆಟ್. ಪಕ್ಕದ ಮನೆಯವರು ಬಟ್ಟೆ ಒಣಗಿಸಲು ಬಂದಾಗ ನೋಡಿ, ಯಾವ ಪ್ರಸಂಗಕ್ಕೆ ಅಂತ ಕೇಳಿದರು. ಪ್ರಸಂಗ ಇನ್ನೂ ಯಾರೂ ಬರೆದಿಲ್ಲ ಅಂದೆ.

ಸ್ಟೀಮ್‌ಪಂಕ್ ಅಂದರೆ ಉಗಿಯಂತ್ರದ ಕಾಲ ಮುಗಿಯದೆ ಹಾಗೇ ಮುಂದುವರಿದಿದ್ದರೆ ಲೋಕ ಹೇಗಿರುತ್ತಿತ್ತು ಅನ್ನುವ ಕಲ್ಪನೆ. ಈ ಹೆಸರು ಹುಟ್ಟಿದ್ದು 1987ರಲ್ಲಿ, ಅಮೆರಿಕದಲ್ಲಿ. ಹಿತ್ತಾಳೆ, ತಾಮ್ರ, ತೊಗಲು, ಹಲ್ಲುಚಕ್ರ, ದಪ್ಪ ಗಾಜಿನ ಕನ್ನಡಕ, ಇವೇ ಅದರ ಗುರುತು. ಜಾಸ್ತಿ ಜನ ಇದನ್ನು ಲಂಡನ್ನಿನ ಮಂಜಿನಲ್ಲೇ ಊಹಿಸುತ್ತಾರೆ. ನನಗೆ ಮುಂಬೈ ಸಾಕು. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಹೊರಟಾಗ ಅದನ್ನು ಎಳೆದದ್ದು ಸಾಹಿಬ್, ಸಿಂಧ್, ಸುಲ್ತಾನ್ ಅನ್ನುವ ಮೂರು ಎಂಜಿನ್‌ಗಳು. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ನಮ್ಮ ವಿಶ್ವೇಶ್ವರಯ್ಯನವರು ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲು ಕೂರಿಸಿದರು. ಇಂಥ ಕಾಲದ ಒಬ್ಬ ಎಂಜಿನ್ ಚಾಲಕ, ಒಬ್ಬ ಕಾಲುವೆ ಎಂಜಿನಿಯರ್ ಏನು ತೊಟ್ಟಿರುತ್ತಿದ್ದ? ನನ್ನ ಕೆಲಸ ಅಲ್ಲಿಂದ ಶುರುವಾಯಿತು.

ಈಚೆಗೆ ಕಾಮಿಕ್ ಕಾನ್‌ಗೆ, ಅಂದರೆ ಕಾಮಿಕ್ಸ್ ಪ್ರಿಯರ ಮೇಳಕ್ಕೆ, ವೇಷ ಕಟ್ಟುವ ಕನ್ನಡದ ಹುಡುಗ ಹುಡುಗಿಯರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. ಯಾವ ಲೆದರ್ ತರಬೇಕು? ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಎಷ್ಟು ಹೊತ್ತು ಹಾಕಿಕೊಳ್ಳುತ್ತೀರಿ?

ಇದು ನಾನು ಚೌಕಿಯಲ್ಲಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಕೋಣೆಯಲ್ಲಿ, ಕಲಿತದ್ದು. ನನ್ನ ಸೋದರಮಾವ ಇಲ್ಲಿಯ ಹವ್ಯಾಸಿ ತಂಡದಲ್ಲಿ ವೇಷ ಹಾಕುತ್ತಿದ್ದರು. ಚಿಕ್ಕವನಿದ್ದಾಗ ಅವರ ಎದೆಕಟ್ಟು, ಭುಜಕೀರ್ತಿ ಎತ್ತಿ ನೋಡಿದ್ದೆ. ನೋಡಲು ಬಂಗಾರದ ಗಟ್ಟಿ, ಎತ್ತಿದರೆ ಹಗುರ. ಒಳಗೆ ಹಗುರ ಮರ, ಮೇಲೆ ಹೊಳೆಯುವ ಬೇಗಡೆ ಹಾಳೆ. ರಾತ್ರಿಯಿಡೀ ಕುಣಿಯುವವರಿಗೆ ಮಾಡಿದ ವಸ್ತು ಅದು. ಮುಂಬೈಯ ಸೆಖೆಯಲ್ಲಿ, ಬೆವರಲ್ಲಿ, ಲೋಕಲ್ ಟ್ರೇನಿನಲ್ಲಿ ಹೊತ್ತುಕೊಂಡು ಹೋಗಬೇಕಾದ ನಮಗೂ ಅದೇ ಲೆಕ್ಕ. ಕೆಳಗಿನ ಎಲ್ಲ ಹೋಲಿಕೆಗಳನ್ನೂ ನಾನು ಈ ಒಂದು ಅಳತೆಯಲ್ಲೇ ತೂಗಿದ್ದೇನೆ.

ತೊಗಲಾ, ಫೋಮಾ, ರೆಕ್ಸಿನ್ನಾ?

ಒಂದು ಚದರ ಅಡಿ, 3 ಮಿ.ಮೀ. ದಪ್ಪದ ತೊಗಲು ಸುಮಾರು ಕಾಲು ಕೆ.ಜಿ. ತೂಗುತ್ತದೆ. ಎದೆ ಮತ್ತು ಬೆನ್ನು ಮುಚ್ಚುವ ಕವಚಕ್ಕೆ ಏಳೆಂಟು ಚದರ ಅಡಿ ಬೇಕು. ಅಲ್ಲಿಗೆ 2 ಕೆ.ಜಿ. ಆಯಿತು. ಬಕಲ್, ರಿವೆಟ್, ಪಟ್ಟಿ ಸೇರಿದರೆ ಇನ್ನೂ ಮೇಲೆ. ಅದೇ ಒಂದು ಚದರ ಅಡಿ, 10 ಮಿ.ಮೀ. ದಪ್ಪದ ಇವಿಎ ಫೋಮ್, ಅಂದರೆ ಮಕ್ಕಳ ಕೋಣೆಯಲ್ಲಿ ಹಾಸುವ ಆ ಜೋಡಿಸುವ ಚಾಪೆ, ಸುಮಾರು ನೂರು ಗ್ರಾಂ.

ಹಾಗಾಗಿ ಎದೆಕವಚಕ್ಕೆ ನಾನು ಫೋಮ್‌ನ ಕಡೆಗೇ ವಾಲುತ್ತೇನೆ. ಹೀಟ್ ಗನ್‌ನಿಂದ ಕಾಯಿಸಿ ಬಗ್ಗಿಸಿದರೆ ಆಕಾರ ನಿಲ್ಲುತ್ತದೆ. ಮೇಲೆ ತೆಳುವಾದ ಮೇಕೆ ತೊಗಲು ಅಂಟಿಸಿದರೆ ಹೊರಗಿನಿಂದ ಪೂರ್ತಿ ತೊಗಲಿನದೇ. ಇದು ಮೋಸ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಯಕ್ಷಗಾನದ ಕಿರೀಟವೂ ಹೀಗೇ ಅಲ್ವಾ?

ಆದರೆ ಮುಖವಾಡ, ಮುಂಗೈಗೆ ಸುತ್ತಿ ಕಟ್ಟುವ ಕೈಕಟ್ಟು, ಬೆಲ್ಟ್, ಸೊಂಟದ ಚೀಲ, ಇವಕ್ಕೆ ತೊಗಲೇ ಬೇಕು. ಇವನ್ನು ಜನ ಹತ್ತಿರದಿಂದ ನೋಡುತ್ತಾರೆ, ಮುಟ್ಟುತ್ತಾರೆ. ಇವು ದಿನ ಕಳೆದಂತೆ ಚೆಂದವಾಗುತ್ತವೆ. ಫೋಮ್‌ನ ಮೇಲೆ ಬಿದ್ದ ಗೀರು ಗಾಯದ ಹಾಗೆ ಕಾಣುತ್ತದೆ, ತೊಗಲಿನ ಮೇಲಿನ ಗೀರು ಅನುಭವದ ಹಾಗೆ ಕಾಣುತ್ತದೆ.

ರೆಕ್ಸಿನ್ ಬಗ್ಗೆ ಹೇಳುವುದು ಕಡಿಮೆ. ಅಗ್ಗ, ಒರೆಸಿದರೆ ಸ್ವಚ್ಛ. ಆದರೆ ಗಾಳಿ ಆಡುವುದಿಲ್ಲ, ಮುಂಬೈಯ ತೇವಕ್ಕೆ ಎರಡು ಮೂರು ವರ್ಷದಲ್ಲಿ ಮೇಲ್ಪದರ ಸಿಪ್ಪೆ ಏಳುತ್ತದೆ. ಒಂದು ದಿನದ ನಾಟಕಕ್ಕೆ ಸರಿ.

ವೆಜ್ ಟ್ಯಾನ್ ಮತ್ತು ಕ್ರೋಮ್ ಟ್ಯಾನ್

ಹೊಸಬರು ಎಡವುವುದು ಜಾಸ್ತಿ ಇಲ್ಲೇ. ಅಂಗಡಿಯಲ್ಲಿ ಎರಡೂ ಕಂದು, ಎರಡೂ ಚೆಂದ. ಮನೆಗೆ ತಂದ ಮೇಲೆ ಒಂದು ಮಾತು ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ.

ವೆಜ್ ಟ್ಯಾನ್ ಅಂದರೆ ಗಿಡದ ತೊಗಟೆ, ಕಾಯಿಗಳ ಒಗರಿನಲ್ಲಿ ಹದ ಮಾಡಿದ ತೊಗಲು. ನಮ್ಮ ಕಡೆ ಜಾಲಿ ತೊಗಟೆ, ಅಳಲೆಕಾಯಿ ಬಳಸುತ್ತಾರೆ. ಕೊಲ್ಹಾಪುರಿ ಚಪ್ಪಲಿಯ ತೊಗಲು ಇದೇ. ನೀರು ಕುಡಿಸಿದರೆ ಮಣ್ಣಿನ ಹಾಗೆ ಮೆತ್ತಗಾಗುತ್ತದೆ, ಬಗ್ಗಿಸಿ ಒಣಗಿಸಿದರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಉಬ್ಬು ಚಿತ್ತಾರ ಒತ್ತಬಹುದು. ಬಣ್ಣ ಕುಡಿಯುತ್ತದೆ. ಹದ ಮಾಡಲು ವಾರಗಟ್ಟಲೆ ಬೇಕಾಗುವುದರಿಂದ ಬೆಲೆ ಜಾಸ್ತಿ.

ಕ್ರೋಮ್ ಟ್ಯಾನ್ ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು. ಒಂದೆರಡು ದಿನದ ಕೆಲಸ. ಮೆತ್ತಗೆ, ನೀರಿಗೆ ಅಷ್ಟು ಹೆದರುವುದಿಲ್ಲ, ಬಣ್ಣಗಳೂ ಬಗೆಬಗೆ. ಜಾಕೆಟ್, ಪರ್ಸ್, ಸೋಫಾ ಎಲ್ಲ ಇದರದೇ. ಇದಕ್ಕೆ ಆಕಾರ ನೆನಪಿರುವುದಿಲ್ಲ. ಎಷ್ಟು ಹೊತ್ತು ಒತ್ತಿ ಹಿಡಿದರೂ ಒಣಗಿದ ಮೇಲೆ ಸಪಾಟಾಗಿ ಮಲಗುತ್ತದೆ.

ಅಂಗಡಿಯಲ್ಲೇ ಗುರುತಿಸಲು ಎರಡು ದಾರಿ. ಒಂದು, ಕತ್ತರಿಸಿದ ಅಂಚು ನೋಡಿ. ವೆಜ್ ಟ್ಯಾನ್ ಅಂಚು ಒಳಗೂ ತಿಳಿಗಂದು, ರೊಟ್ಟಿ ಬಣ್ಣ. ಕ್ರೋಮ್ ಅಂಚಿನ ನಡುವೆ ಎಷ್ಟೋ ಸಲ ನೀಲಿ ಬೂದು ಗೆರೆ ಕಾಣುತ್ತದೆ. ಎರಡು, ಬೆರಳಲ್ಲಿ ಒಂದು ಹನಿ ನೀರು ಇಡಿ. ಬಣ್ಣ ಹಾಕದ ವೆಜ್ ಟ್ಯಾನ್ ತಕ್ಷಣ ಕುಡಿದು ಅಷ್ಟಗಲ ಕಪ್ಪಾಗುತ್ತದೆ. ಮನೆಗೆ ತಂದ ಮೇಲೂ ಅನುಮಾನ ಇದ್ದರೆ ಉಗುರಗಲದ ಚೂರನ್ನು ಕುದಿಯುವ ನೀರಿಗೆ ಹಾಕಿ. ವೆಜ್ ಟ್ಯಾನ್ ಕೂಡಲೇ ಮುದುಡಿ, ಹುರಿದ ಹಪ್ಪಳದಂತೆ ಸುರುಳಿ ಸುತ್ತುತ್ತದೆ. ಕ್ರೋಮ್ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ನನ್ನ ತೀರ್ಪು ಹೀಗೆ. ಆಕಾರ ನಿಲ್ಲಬೇಕಾದ ಕಡೆ ವೆಜ್ ಟ್ಯಾನ್: ಮುಖವಾಡ, ಕೈಕಟ್ಟು, ಭುಜಕೀರ್ತಿ. ಮೈ ಜೊತೆ ಅಲುಗಾಡಬೇಕಾದ ಕಡೆ ಕ್ರೋಮ್: ಸೊಂಟದ ಚೀಲ, ಕೈಗವಸು, ಕವಚದ ಪಕ್ಕದ ಪಟ್ಟಿ, ಕನ್ನಡಕದ ಮೆತ್ತೆ. ಒಂದೇ ವೇಷದಲ್ಲಿ ಎರಡೂ ಇರಬಹುದು, ಇರಬೇಕು. ಪೂರ್ತಿ ವೆಜ್ ಟ್ಯಾನ್‌ನಲ್ಲಿ ಕಟ್ಟಿದವರು ಕೂರಲು ಕಷ್ಟಪಡುವುದನ್ನು ನೋಡಿದ್ದೇನೆ.

ದಪ್ಪದ ವಿಷಯ. ಹೊರಗಿನ ಪುಸ್ತಕ, ವಿಡಿಯೋಗಳಲ್ಲಿ ಔನ್ಸ್ ಲೆಕ್ಕ ಹೇಳುತ್ತಾರೆ. ಒಂದು ಔನ್ಸ್ ಅಂದರೆ ಇಂಚಿನ 64ರಲ್ಲಿ ಒಂದು ಭಾಗ, ಸುಮಾರು 0.4 ಮಿ.ಮೀ. ಮುಖವಾಡಕ್ಕೆ 2ರಿಂದ 2.4 ಮಿ.ಮೀ., ಕೈಕಟ್ಟಿಗೆ ಸುಮಾರು 3, ಭುಜಕೀರ್ತಿಯ ಪದರಗಳಿಗೂ 3. ನಾಲ್ಕಕ್ಕೆ ಹೋಗಬೇಡಿ. ಕನ್ನಡಿಯಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಕುತ್ತಿಗೆಗೆ ಚೆನ್ನಾಗಿ ಗೊತ್ತಾಗುತ್ತದೆ. ಒಳಪದರಕ್ಕೆ 0.8 ಮಿ.ಮೀ. ಆಸುಪಾಸಿನ ಮೇಕೆ ತೊಗಲು.

ಮುಂಬೈ, ಪುಣೆ, ಗೋವಾ: ಎಲ್ಲಿ ಕೊಳ್ಳುವುದು

ಮುಂಬೈಯಲ್ಲಿ ಇದ್ದರೆ ಧಾರಾವಿ. ಮೇನ್ ರೋಡಿನ ಶೋರೂಮ್‌ಗಳಲ್ಲಿ ಸಿದ್ಧ ಚೀಲ, ಜಾಕೆಟ್ ಸಿಗುತ್ತವೆ. ನಮಗೆ ಬೇಕಾದ್ದು ಒಳಗಿನ ಗಲ್ಲಿಗಳಲ್ಲಿ ಹಾಳೆಯಾಗಿ ತೊಗಲು ಮಾರುವವರು. ಬೆಲೆ ಚದರ ಅಡಿಗೆ ಹೇಳುತ್ತಾರೆ. ತುಂಡುಗಳನ್ನು ಕೆ.ಜಿ. ಲೆಕ್ಕದಲ್ಲಿ ಕೊಡುವವರೂ ಇದ್ದಾರೆ. ಮೊದಲ ಮುಖವಾಡಕ್ಕೆ ಅಂಥ ತುಂಡೇ ಸಾಕು. ಒಂದು ಚದರ ಅಡಿ ಸಿಕ್ಕಿದರೆ ಆಯಿತು. ಹಾಳೆ ಬಿಚ್ಚಿಸಿ, ಬೆಳಕಿಗೆ ಹಿಡಿದು, ಎರಡೂ ಕಡೆ ನೋಡಿ. ಹೊಟ್ಟೆಯ ಕಡೆಯ ತೊಗಲು ಸಡಿಲ, ಎಳೆದರೆ ಹಿಗ್ಗುತ್ತದೆ. ಕವಚಕ್ಕೆ ಬೆನ್ನಿನ ಕಡೆಯದು ಬೇಕು.

ಮಹಾರಾಷ್ಟ್ರದಲ್ಲಿ 2015ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ. ಇಲ್ಲಿಯ ಅಂಗಡಿಗಳಲ್ಲಿ ದಪ್ಪ ತೊಗಲು ಕೇಳಿದರೆ ಎಮ್ಮೆಯದೇ ಜಾಸ್ತಿ ಸಿಗುತ್ತದೆ. ಬಿಲ್ ಕೇಳಿ ತೆಗೆದುಕೊಳ್ಳಿ. ಎಮ್ಮೆ ತೊಗಲಿನ ಮೇಲ್ಮೈ ಒರಟು, ರಂಧ್ರಗಳು ಎದ್ದು ಕಾಣುತ್ತವೆ. ನುಣುಪು ಪರ್ಸಿಗೆ ಇದು ಕೊರತೆ ಅನ್ನಿಸಬಹುದು. ಉಗಿ, ಎಣ್ಣೆ, ಕಲ್ಲಿದ್ದಲ ಮಸಿ ಮೆತ್ತಿದ ಕಾಲದ ವೇಷಕ್ಕೆ ಇದಕ್ಕಿಂತ ಒಪ್ಪುವ ಮೇಲ್ಮೈ ಇನ್ನೊಂದಿಲ್ಲ. ಸಣ್ಣ ಸಣ್ಣ ಉಬ್ಬು ಕೆಲಸ ಮಾತ್ರ ಇದರಲ್ಲಿ ಚೂಪಾಗಿ ಮೂಡುವುದಿಲ್ಲ.

ಸಲಕರಣೆಗೆ ನಾಗದೇವಿ ಸ್ಟ್ರೀಟ್. ಹಿತ್ತಾಳೆ, ತಾಮ್ರಕ್ಕೆ ಪಾಯಧುನಿ ಹತ್ತಿರದ ತಾಂಬಾಕಾಂಟಾ. ಹಳೇ ಗಡಿಯಾರದ ಒಡಲು, ಬಾಗಿಲ ಹಿಡಿ, ಗ್ರಾಮೊಫೋನಿನ ಬಿಡಿಭಾಗಕ್ಕೆ ಚೋರ್ ಬಜಾರಿನ ಮಟನ್ ಸ್ಟ್ರೀಟ್. ಶುಕ್ರವಾರ ಆ ಅಂಗಡಿಗಳು ಮುಚ್ಚಿರುತ್ತವೆ. ಅವತ್ತು ಹೋಗಬೇಡಿ.

ಪುಣೆಯವರಿಗೆ ಬುಧವಾರ, ಭಾನುವಾರ ನೆರೆಯುವ ಜುನಾ ಬಜಾರ್ ಇದೆ. ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ಇವತ್ತಿಗೂ ತಾಮ್ರ ಬಡಿಯುವ ಸದ್ದು ಕೇಳುತ್ತದೆ. ಒಂದು ಬೋಗುಣಿಯ ಮೈತುಂಬ ಸುತ್ತಿಗೆಯ ಗುರುತು ಸಾಲಾಗಿ ಬೀಳುವುದನ್ನು ಅಲ್ಲಿ ನಿಂತು ನೋಡಿ. ಅದೇ ಗುರುತನ್ನು ನಿಮ್ಮ ಕವಚದ ತಾಮ್ರಕ್ಕೂ ಬೇಡಿಕೊಳ್ಳಬಹುದು. ಪುಣೆಯ ಒಣ ಹವೆಯೂ ಒಂದು ಲಾಭ. ಅಲ್ಲಿ ಚಳಿಗಾಲದಲ್ಲಿ ಒಂದು ದಿನಕ್ಕೆ ಒಣಗುವ ಮುಖವಾಡ ನಮ್ಮಲ್ಲಿ ಎರಡು ದಿನ ತೆಗೆದುಕೊಳ್ಳುತ್ತದೆ.

ಗೋವಾದಲ್ಲಿ ತೊಗಲು ಹುಡುಕುವುದು ಕಷ್ಟ. ವಾಸ್ಕೋದಲ್ಲಿರುವ ನನ್ನ ತಂಗಿ ಕಾರ್ನಿವಲ್ ಮೆರವಣಿಗೆಗೆ ಮುಖವಾಡ ಕಟ್ಟುವಾಗ ತೊಗಲನ್ನು ಬೆಳಗಾವಿ ಕಡೆಯಿಂದ ತರಿಸಿದಳು. ಅದು ಒಳ್ಳೆಯ ದಾರಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಇವೆ. ಅಥಣಿ ಕಡೆ ಚಪ್ಪಲಿ ಮಾಡುವವರ ಬಳಿ ಹೋಗಿ ಕನ್ನಡದಲ್ಲೇ ಕೇಳಿ. ತೊಗಲಿನ ಯಾವ ಭಾಗ ಎತ್ತ ಹಿಗ್ಗುತ್ತದೆ ಅಂತ ಅವರು ಬೆರಳಲ್ಲಿ ಎಳೆದು ತೋರಿಸುವಷ್ಟು ಚೆನ್ನಾಗಿ ಯಾವ ವಿಡಿಯೋವೂ ತೋರಿಸುವುದಿಲ್ಲ.

ಮುಖವಾಡ: ಅಚ್ಚಿನ ಮೇಲಾ, ಕೈಯಲ್ಲಾ?

ಮೂರು ದಾರಿ ಇದೆ. ಒಂದು, ನಿಮ್ಮದೇ ಮುಖದ ಅಚ್ಚು. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಬ್ಯಾಂಡೇಜ್, ಮುಖಕ್ಕೆ ದಪ್ಪಗೆ ವ್ಯಾಸಲಿನ್, ಮೂಗಿನ ಹೊಳ್ಳೆ ಬಿಟ್ಟು ಮೂರು ನಾಲ್ಕು ಪದರ. ಒಬ್ಬರೇ ಮಾಡಬೇಡಿ, ಜೊತೆಗೆ ಯಾರಾದರೂ ಇರಲೇಬೇಕು. ಆ ಚಿಪ್ಪಿನೊಳಗೆ ಪ್ಲಾಸ್ಟರ್ ಸುರಿದರೆ ನಿಮ್ಮ ಮುಖ ಸಿಗುತ್ತದೆ. ಎರಡು, ಅಂಗಡಿಯ ಪ್ಲಾಸ್ಟಿಕ್ ಮುಖ ಅಥವಾ ಗೊಂಬೆಯ ತಲೆ. ಮೂರು, ಅಚ್ಚೇ ಇಲ್ಲದೆ ಕೈಯಲ್ಲಿ ಒತ್ತಿ ಒತ್ತಿ ತಿದ್ದುವುದು.

ಗೊಂಬೆಯ ತಲೆ ಬೇಡ. ಅದರ ಮೂಗು ಸಣ್ಣದು, ಕಣ್ಣುಗಳ ಅಂತರ ನಮ್ಮದಲ್ಲ. ಅರ್ಧ ಗಂಟೆಯಲ್ಲಿ ಮೂಗಿನ ಮೇಲೆ ಗೆರೆ ಬೀಳುತ್ತದೆ. ಕಣ್ಣು ಮತ್ತು ಮೂಗು ಮಾತ್ರ ಮುಚ್ಚುವ ಅರ್ಧ ಮುಖವಾಡಕ್ಕೆ ಕೈಯೇ ಸಾಕು. ಪೂರ್ತಿ ಮುಖಕ್ಕೆ ಮಾತ್ರ ಅಚ್ಚಿನ ಕಷ್ಟ ಪಡಿ.

ಕೈಯಲ್ಲಿ ತಿದ್ದುವ ಹದ ಹೇಳುತ್ತೇನೆ. ಕತ್ತರಿಸಿದ ತೊಗಲನ್ನು ಉಗುರುಬೆಚ್ಚನೆ ನೀರಲ್ಲಿ ಮುಳುಗಿಸಿ. ಸಣ್ಣ ಗುಳ್ಳೆಗಳು ಏಳುತ್ತವೆ. ಗುಳ್ಳೆ ನಿಂತ ಮೇಲೆ ತೆಗೆದು, ಟವೆಲಿನಲ್ಲಿ ಸುತ್ತಿ ಒಂದೆರಡು ಗಂಟೆ ಬಿಡಿ. ಗಾಢವಾಗಿದ್ದ ಬಣ್ಣ ಮತ್ತೆ ತಿಳಿಯಾಗಲು ಶುರುವಾಗುತ್ತದೆ. ಕೆನ್ನೆಗೆ ಮುಟ್ಟಿಸಿದರೆ ತಣ್ಣಗಿರಬೇಕು, ಒದ್ದೆ ಅನ್ನಿಸಬಾರದು. ಆಗಲೇ ಶುರುಮಾಡಿ. ಮೊದಲು ಮೂಗಿನ ಸೇತುವೆ. ಹಿಂಬದಿಯಿಂದ ಎರಡು ಹೆಬ್ಬೆರಳು ಒತ್ತಿ, ಮುಂಬದಿಯಲ್ಲಿ ತೋರುಬೆರಳಿಂದ ಹಿಸುಕಿ. ಮಡಿಕೆ ಬೀಳಲು ಬಿಡದೆ ನಿಧಾನ ಹಿಗ್ಗಿಸಿ. ಆಮೇಲೆ ಹುಬ್ಬು. ಕಣ್ಣಿನ ಅಂಚನ್ನು ಸ್ಟೀಲ್ ಚಮಚದ ಬೆನ್ನಿನಿಂದ ಹೊರಗೆ ಮಗುಚಿ. ಆ ಒಂದು ಅಂಚು ಮುಖವಾಡದ ಮುಖಭಾವವನ್ನೇ ಬದಲಿಸುತ್ತದೆ. ಹೇರ್ ಡ್ರೈಯರ್ ಸಣ್ಣ ಬಿಸಿಯಲ್ಲಿ ಆಡಿಸುತ್ತಾ, ಒತ್ತುತ್ತಾ ಇರಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ತೊಗಲು ನಿಮ್ಮ ಬೆರಳಿಗೆ ಎದುರು ಒತ್ತಲು ಶುರು ಮಾಡುತ್ತದೆ. ಆಗ ನಿಲ್ಲಿಸಿ, ನೆರಳಲ್ಲಿ ಒಣಗಲು ಬಿಡಿ.

ನನ್ನ ಎರಡನೇ ಮುಖವಾಡವನ್ನು ಪ್ಲಾಸ್ಟರ್ ಅಚ್ಚಿನ ಮೇಲೆ ಕೂರಿಸಿ, ಸುತ್ತಲೂ ಮನೆಯಲ್ಲಿದ್ದ ಕಬ್ಬಿಣದ ಮೊಳೆ ಹೊಡೆದು ಬಿಗಿಸಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಪ್ರತಿ ಮೊಳೆಯ ಸುತ್ತ ನೀಲಿಗಪ್ಪು ಕಲೆ. ಹಣೆಯ ಮೇಲೆ ಹದಿನಾಲ್ಕು ಚುಕ್ಕೆ. ಮೂರು ಸಂಜೆಯ ಕೆಲಸ ಹೋಯಿತು ಅಂತ ತುಂಬಾ ಬೇಜಾರಾಯಿತು. ತೊಗಲಿನ ಒಗರು ಮತ್ತು ಕಬ್ಬಿಣ ಒದ್ದೆಯಲ್ಲಿ ಸೇರಿದರೆ ಕಪ್ಪಾಗುತ್ತದೆ. ಹಳೇ ಕಾಲದ ಬರೆಯುವ ಶಾಯಿಯೂ ಹೀಗೇ ಆಗುತ್ತಿತ್ತು. ನಿಂಬೆರಸ ಒರೆಸಿದರೆ ಕಲೆ ಸ್ವಲ್ಪ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಒದ್ದೆ ತೊಗಲಿಗೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಪಿನ್ ಮಾತ್ರ. ಇಲ್ಲದಿದ್ದರೆ ದಾರದಿಂದ ಸುತ್ತಿ ಕಟ್ಟಿ.

ಕೊಕ್ಕಿನ ಮುಖವಾಡ ಬೇಕು ಅನ್ನುವವರು ಬಹಳ. 17ನೇ ಶತಮಾನದ ಯುರೋಪಿನ ಪ್ಲೇಗ್ ವೈದ್ಯರದು ಅದು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂದಾಗ ಇಲ್ಲಿಯ ವೈದ್ಯರು ಕೊಕ್ಕು ಕಟ್ಟಿಕೊಂಡಿರಲಿಲ್ಲ. ಸೂಕ್ಷ್ಮಜೀವಿ ವಿಜ್ಞಾನಿ ಹಾಫ್‌ಕಿನ್ ಇಲ್ಲೇ ಲಸಿಕೆ ಸಿದ್ಧ ಮಾಡಿ 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. ಮುಂಬೈಯ ಪ್ಲೇಗ್ ವೈದ್ಯನ ವೇಷ ಕಟ್ಟುವುದಾದರೆ ಕೊಕ್ಕಿನ ಜೊತೆ ಸೊಂಟದ ಪಟ್ಟಿಯಲ್ಲಿ ಗಾಜಿನ ಬಾಟಲಿ ಸಾಲು ಇರಲಿ. ಕೊಕ್ಕನ್ನು ಒಂದೇ ತುಂಡಿನಲ್ಲಿ ಹಿಗ್ಗಿಸಲು ಹೋಗಬೇಡಿ. ಎಡ ಬಲ ಎರಡು ತುಂಡು ಮಾಡಿ ಮೇಲಿನ ಅಂಚಲ್ಲಿ ಹೊಲಿಯಿರಿ. ಕೆಳಗೆ ಉಸಿರಿಗೆ ತೂತು ಬಿಟ್ಟು, ಒಳಗಿನಿಂದ ಹಿತ್ತಾಳೆ ಚಹಾ ಜರಡಿಯ ಬಲೆ ಕೂರಿಸಿ. ನೋಡಲೂ ಚೆಂದ, ಗಾಳಿಯೂ ಆಡುತ್ತದೆ.

ಯಾವ ಮುಖವಾಡವೇ ಆಗಲಿ, ಕಣ್ಣಿನ ತೂತು ನೀವು ಅಂದುಕೊಂಡದ್ದಕ್ಕಿಂತ ದೊಡ್ಡದಿರಬೇಕು. ಕೆಳಗೆ ಕಾಲು ಕಾಣದಿದ್ದರೆ ಮೆಟ್ಟಿಲಲ್ಲಿ ಬೀಳುತ್ತೀರಿ.

ಗಟ್ಟಿ ಮಾಡುವುದು: ಬಿಸಿನೀರು, ಮೇಣ, ಅಂಟು

ಮುಖವಾಡಕ್ಕೆ, ಕೈಕಟ್ಟಿಗೆ ಏನೂ ಬೇಡ. ಒದ್ದೆ ಮಾಡಿ ಒಣಗಿಸಿದ್ದೇ ಸಾಕಷ್ಟು ಗಟ್ಟಿ.

ಭುಜಕೀರ್ತಿಗೆ ಇನ್ನೂ ಬಿಗಿ ಬೇಕಾದರೆ ಮೂರು ಆಯ್ಕೆ. ಸುಮಾರು 80 ಡಿಗ್ರಿ ನೀರಲ್ಲಿ ಕೆಲವೇ ಸೆಕೆಂಡು ಅದ್ದಿದರೆ ತೊಗಲು ಕುಗ್ಗಿ ಮರದಂತಾಗುತ್ತದೆ. ಯುರೋಪಿನ ಮಧ್ಯಯುಗದ ತೊಗಲು ಕವಚಗಳ ಗುಟ್ಟು ಇದೇ ಇರಬಹುದು ಅನ್ನುತ್ತಾರೆ. ಆದರೆ ಎಷ್ಟು ಕುಗ್ಗುತ್ತದೆ ಅನ್ನುವುದು ಪ್ರತಿ ಹಾಳೆಗೂ ಬೇರೆ, ಜೊತೆಗೆ ಜಾಸ್ತಿ ಹೊತ್ತು ಬಿಟ್ಟರೆ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಮೊದಲು ಅದೇ ಹಾಳೆಯ ತುಂಡಿನಲ್ಲಿ ಪರೀಕ್ಷೆ ಮಾಡಿ. ಎರಡನೆಯದು ಜೇನುಮೇಣ. ಕರಗಿಸಿ ಕುಡಿಸಿದರೆ ಹೊಳಪು, ನೀರಿನ ಭಯವೂ ಇಲ್ಲ. ತೂಕ ಜಾಸ್ತಿ, ಬೆವರು ಒಳಗೇ ನಿಲ್ಲುತ್ತದೆ. ಮೇಣ ಕರಗುವುದು 62ರಿಂದ 64 ಡಿಗ್ರಿಗೆ. ಮೇ ತಿಂಗಳಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಕವಚ ಬಿಟ್ಟರೆ ಆಕಾರ ಜಾರುತ್ತದೆ.

ನಾನು ಮಾಡುವುದು ಮೂರನೆಯದು. ಒಣಗಿದ ತುಂಡಿನ ಹಿಂಬದಿಗೆ ನೀರು ಬೆರೆಸಿದ ಬಿಳಿ ಫೆವಿಕಾಲ್ ಎರಡು ಕೈ ಬಳಿಯುವುದು. ಹಗುರ, ಅಗ್ಗ, ಕುಗ್ಗುವುದಿಲ್ಲ. ಅದರ ಮೇಲೆ ಮೇಕೆ ತೊಗಲಿನ ಒಳಪದರ ಅಂಟಿಸುತ್ತೇನೆ. ಇಡೀ ದಿನ ಹಾಕಿಕೊಂಡರೂ ಭುಜ ಕೆಂಪಾಗಿಲ್ಲ.

ಹೊಲಿಗೆಯಾ, ರಿವೆಟ್ಟಾ?

ಎರಡೂ ಬೇಕು, ಜಾಗ ಬೇರೆ. ಅಲುಗಾಡದ ಕಡೆ ಹೊಲಿಗೆ, ತಿರುಗುವ ಕಡೆ ರಿವೆಟ್.

ಕೈಹೊಲಿಗೆ ಅಂದರೆ ಒಂದು ದಾರ, ಎರಡೂ ತುದಿಗೆ ಸೂಜಿ, ಪ್ರತಿ ತೂತಿನಲ್ಲಿ ಎರಡೂ ಸೂಜಿ ಎದುರುಬದುರು ಹಾಯುತ್ತವೆ. ಕುದುರೆ ಜೀನು ಹೊಲಿಯುವ ರೀತಿ ಇದು. ಒಂದು ಕಡೆ ದಾರ ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಮೆಷಿನ್ ಹೊಲಿಗೆ ಕಡಿದರೆ ಬಿಚ್ಚುತ್ತಾ ಹೋಗುತ್ತದೆ. ಹೊಲಿಗೆಯ ಉದ್ದದ ನಾಲ್ಕು ಪಟ್ಟು ಮೇಣದ ದಾರ ತೆಗೆದುಕೊಳ್ಳಿ. ತೂತುಗಳ ಅಂತರ 4 ಮಿ.ಮೀ. ಇರಲಿ. ಒಂದು ಜೊತೆ ಕೈಕಟ್ಟಿನ ಅಂಚು ಹೊಲಿಯಲು ನನಗೆ ಎರಡು ಸಂಜೆ ಬೇಕು. ಆ ಎರಡು ಸಂಜೆ ನನಗೆ ವಾರದಲ್ಲೇ ಇಷ್ಟದ ಹೊತ್ತು.

ರಿವೆಟ್‌ನಲ್ಲಿ ಮಾರುಕಟ್ಟೆಯ ಟೊಪ್ಪಿ ರಿವೆಟ್ ಅಲಂಕಾರಕ್ಕೆ ಸರಿ. ಭಾರ ಎಳೆಯುವ ಕಡೆ ವಾಷರ್ ಹಾಕಿ ಬಡಿಯುವ ತಾಮ್ರದ ರಿವೆಟ್ ಬೇಕು. ಭುಜಕೀರ್ತಿಯ ಪದರ ಸೇರಿಸುವಾಗ ಪೂರ್ತಿ ಬಿಗಿ ಬಡಿಯಬೇಡಿ. ಕಾಗದದ ತುಂಡು ಇಟ್ಟು ಬಡಿದು ಆಮೇಲೆ ಎಳೆದು ತೆಗೆದರೆ ತಿರುಗಲು ಬೇಕಾದಷ್ಟು ಸಡಿಲ ಉಳಿಯುತ್ತದೆ. ಇನ್ನು ತಿರುಪಿನ ರಿವೆಟ್, ಅಂದರೆ ಶಿಕಾಗೊ ಸ್ಕ್ರೂ. ಬೆಲೆ ಜಾಸ್ತಿ. ಆದರೆ ಇಡೀ ವೇಷ ಬಿಚ್ಚಿ ಒಂದು ಚೀಲದಲ್ಲಿ ಹಾಕಿ ಲೋಕಲ್ ಹತ್ತಬೇಕಾದವರಿಗೆ ಅದರ ಬೆಲೆ ಗೊತ್ತು. ಭುಜ ಮತ್ತು ಎದೆ ಸೇರುವ ನಾಲ್ಕು ಜಾಗದಲ್ಲಿ ನಾನು ಇದನ್ನೇ ಹಾಕುತ್ತೇನೆ.

ಹಿತ್ತಾಳೆ, ಹಲ್ಲುಚಕ್ರ, ಕನ್ನಡಕ

ನಿಜವಾದ ಹಿತ್ತಾಳೆ ಮುಖದ ಹತ್ತಿರ ಮತ್ತು ಕೈಯಲ್ಲಿ. ದೂರದಲ್ಲಿ, ದೊಡ್ಡ ಗಾತ್ರದಲ್ಲಿ ಬಣ್ಣ ಬಳಿದ ಫೋಮ್ ಅಥವಾ ಪ್ಲಾಸ್ಟಿಕ್. ತೊಗಲಿಗೆ ತಾಗಿದ ಹಿತ್ತಾಳೆ ಕೆಲವು ತಿಂಗಳಲ್ಲಿ ಹಸಿರು ಕಿಲುಬು ಬಿಡುತ್ತದೆ. ತೊಗಲಿನ ಎಣ್ಣೆ ಮತ್ತು ತಾಮ್ರದ ಕೆಲಸ ಅದು. ಹಿಂಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಬಳಿಯಿರಿ. ಗೋವಾದ ಉಪ್ಪುಗಾಳಿಯಲ್ಲಿ ಮುಂಬದಿಗೂ ಬಳಿಯಬೇಕು.

ಹಲ್ಲುಚಕ್ರಗಳನ್ನು ಸುಮ್ನೆ ಅಂಟಿಸಬೇಡಿ ಅನ್ನುವುದು ನನ್ನ ಮನಸ್ಸಿನ ಮಾತು. ಎರಡು ಚಕ್ರ ಇಟ್ಟರೆ ಹಲ್ಲು ಹಲ್ಲು ಕಚ್ಚಿರಲಿ. ಒಂದು ಸರಪಳಿ ಇದ್ದರೆ ಅದು ಏನನ್ನಾದರೂ ಎಳೆಯುವಂತಿರಲಿ. ಕಾಲುವೆ ಎಂಜಿನಿಯರ್‌ನ ಕೈಕಟ್ಟಿನಲ್ಲಿ ನಾನು ನೀರಿನ ಮಟ್ಟ ತೋರಿಸುವ ಮುಳ್ಳು, ಅದರ ಪಕ್ಕ ಒಂದು ಪುಟ್ಟ ತೂಕದ ಗುಂಡು ಇಟ್ಟಿದ್ದೇನೆ. ಕೈ ಎತ್ತಿದಾಗ ಗುಂಡು ಇಳಿದು ಮುಳ್ಳು ತಿರುಗುತ್ತದೆ. ಮಕ್ಕಳು ಮತ್ತೆ ಮತ್ತೆ ಕೈ ಎತ್ತಿಸುತ್ತಾರೆ.

ಕನ್ನಡಕಕ್ಕೆ ವೆಲ್ಡಿಂಗ್ ಗಾಗಲ್ ಒಳ್ಳೆಯ ಅಡಿಪಾಯ. ಅದರ ಕಪ್ಪು ಗಾಜು ಮಾತ್ರ ತೆಗೆದುಬಿಡಿ, ಅದರಲ್ಲಿ ದಾರಿ ಕಾಣುವುದಿಲ್ಲ. ತಿಳಿ ಅಕ್ರಿಲಿಕ್ ಹಾಕಿ, ಸುತ್ತ ಕ್ರೋಮ್ ತೊಗಲಿನ ಮೆತ್ತೆ ಕೊಡಿ.

ಬಣ್ಣ

ತೊಗಲಿನ ಸ್ಪಿರಿಟ್ ಡೈ ಒಳಗೆ ಇಳಿಯುತ್ತದೆ, ಬಗ್ಗಿಸಿದರೂ ಬಿರುಕಿಲ್ಲ. ಅಕ್ರಿಲಿಕ್ ಮೇಲೆ ಕೂರುತ್ತದೆ, ಲೋಹದ ಬಣ್ಣಕ್ಕೆ ಸರಿ, ಬಗ್ಗುವ ಕಡೆ ಒಡೆಯುತ್ತದೆ. ಕಪ್ಪು ಬೇಕಾದರೆ ನನ್ನ ಇಷ್ಟದ್ದು ಮೂರನೆಯದು. ನನ್ನ ಮುಖವಾಡ ಕೆಡಿಸಿದ ಅದೇ ಕಬ್ಬಿಣ. ಎಣ್ಣೆ ತೊಳೆದ ಕಬ್ಬಿಣದ ಉಣ್ಣೆಯನ್ನು (ಸ್ಟೀಲ್ ವುಲ್) ವಿನೆಗರ್‌ನಲ್ಲಿ ಒಂದು ವಾರ ನೆನೆಹಾಕಿ, ಮುಚ್ಚಳ ಸಡಿಲ ಬಿಡಿ. ಸೋಸಿ ವೆಜ್ ಟ್ಯಾನ್ ಮೇಲೆ ಬಳಿದರೆ ಕಣ್ಣೆದುರೇ ಬೂದು ಬಣ್ಣಕ್ಕೆ ತಿರುಗಿ, ಆಮೇಲೆ ಕಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಯೂ ಅಳಲೆಕಾಯಿ ಮತ್ತು ಕಬ್ಬಿಣ ಸೇರಿಯೇ ಆಗುವುದು. ಒಣಗಿದ ಮೇಲೆ ಅಡಿಗೆ ಸೋಡಾ ನೀರಲ್ಲಿ ಒರೆಸಿ, ಸ್ವಲ್ಪ ಎಣ್ಣೆ ಕೊಡಿ. ಈ ಕಪ್ಪು ತೊಗಲಿನದೇ ಆಗಿಬಿಡುತ್ತದೆ, ಬೆವರಿಗೆ ಡೈಯಷ್ಟು ಬಿಡುವುದಿಲ್ಲ. ಕ್ರೋಮ್ ಮೇಲೆ ಇದು ಹತ್ತುವುದಿಲ್ಲ. ಯಾವ ಬಣ್ಣವೇ ಆದರೂ ಮುಖಕ್ಕೆ ತಾಗುವ ಕಡೆ ಒಳಪದರ ಬೇಕೇ ಬೇಕು. ಇಲ್ಲದಿದ್ದರೆ ಸಂಜೆಗೆ ಕೆನ್ನೆ ಕಂದಾಗಿರುತ್ತದೆ.

ಯಾವುದು ಮೊದಲು

ಎಲ್ಲರೂ ಮುಖವಾಡದಿಂದ ಶುರು ಮಾಡುತ್ತಾರೆ. ನಾನು ಕೈಕಟ್ಟು ಅನ್ನುತ್ತೇನೆ. ಒಂದು ಜೊತೆಗೆ ಒಂದೂವರೆ ಚದರ ಅಡಿ ತೊಗಲು. ಮಣಿಕಟ್ಟು ಮತ್ತು ಮುಂಗೈಯ ದಪ್ಪ ಭಾಗದ ಸುತ್ತಳತೆ ತೆಗೆದುಕೊಳ್ಳಿ, ಲೇಸ್ ಕಟ್ಟಲು ಎರಡು ಮೂರು ಸೆಂ.ಮೀ. ಕಡಿಮೆ ಮಾಡಿ, ಮೊದಲು ಹಳೇ ಕ್ಯಾಲೆಂಡರಿನ ಹಾಳೆಯಲ್ಲಿ ಕತ್ತರಿಸಿ ಸುತ್ತಿ ನೋಡಿ. ಒದ್ದೆ ಮಾಡಿ ನಿಮ್ಮದೇ ಕೈಗೆ ಪ್ಲಾಸ್ಟಿಕ್ ಸುತ್ತಿ ಅದರ ಮೇಲೆ ಕೂರಿಸಬಹುದು. ಕತ್ತರಿಸುವುದು, ಒದ್ದೆ ಹದ, ತೂತು, ಹೊಲಿಗೆ, ರಿವೆಟ್, ಬಣ್ಣ, ಎಲ್ಲವೂ ಈ ಒಂದರಲ್ಲೇ ಬರುತ್ತದೆ. ತಪ್ಪಿದರೂ ಅಂಗಿಯ ತೋಳಿನೊಳಗೆ ಮುಚ್ಚಿಹೋಗುತ್ತದೆ. ದಿನವಿಡೀ ಹಾಕಿಕೊಂಡರೂ ನೋಯುವುದಿಲ್ಲ. ಆಮೇಲೆ ಬೆಲ್ಟು ಚೀಲ, ಆಮೇಲೆ ಅರ್ಧ ಮುಖವಾಡ. ಭುಜಕೀರ್ತಿ ಕೊನೆಗೆ.

ಕತ್ತರಿಸುವ ಕಟ್ಟರ್, ಹೊಲಿಗೆಯ ತೂತು ಚುಚ್ಚುವ ಒಂದು ಆರಿ, ತೂತಿನ ಪಂಚ್, ಎರಡು ಸೂಜಿ, ಮರದ ಸುತ್ತಿಗೆ, ಇಷ್ಟು ಇದ್ದರೆ ಸಾಕು. ದುಬಾರಿ ಸೆಟ್ ಕೊಳ್ಳಲು ಹೋಗಬೇಡಿ. ಆ ದುಡ್ಡಿಗೆ ಒಳ್ಳೆ ತೊಗಲು ತನ್ನಿ.

ಮತ್ತೆ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ನಾನು ಒದ್ದೆ ಕೆಲಸ ಮಾಡುವುದಿಲ್ಲ, ಹೊಲಿಗೆ ಮಾತ್ರ. ಒಣಗದ ತೊಗಲಿಗೆ ಮೂರೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಮುಗಿದ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಮುಖವಾಡದೊಳಗೆ ಕಾಗದ ಉಂಡೆ ತುಂಬಿ, ಹತ್ತಿ ಬಟ್ಟೆಯಲ್ಲಿ ಸುತ್ತಿ, ಜೊತೆಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಪಾಟಿನ ಮೇಲಿನ ಅರೆಯಲ್ಲಿಡಿ. ಹದಿನೈದು ದಿನಕ್ಕೊಮ್ಮೆ ಫ್ಯಾನಿನ ಕೆಳಗೆ ಒಂದು ಗಂಟೆ ಹರಡಿ. ಬಿಳಿ ಬೂಸ್ಟು ಕಂಡರೆ ಒಣ ಬಟ್ಟೆಯಲ್ಲಿ ಬಾಲ್ಕನಿಯಲ್ಲೇ ಒರೆಸಿ, ಒಳಗೆ ಕೊಡವಬೇಡಿ.